ಉಳಿದೊಂದು ಹೆಬ್ಬೆಟ್ಟು

ಗೇಟಿನ ಹಾಜರಿ ಮಷಿನ್ನಿಗೆ ಮಲಕವ್ವನ ಬೆರಳು ಸಿಗುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಇದೇ ಪಾಡು. ಹೆಬ್ಬೆಟ್ಟು ಇಟ್ಟರೆ ಕೆಂಪು ದೀಪ. ತೋರುಬೆರಳು ಇಟ್ಟರೆ ಕೆಂಪು ದೀಪ. ಒಳಗಿಂದ ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿತ್ತು. ಅದು ಬೈಗುಳವಲ್ಲ ಅಂತ ಎಲ್ಲರೂ ಹೇಳಿದ್ದರು. ಮಲಕವ್ವನ ಕಿವಿಗೆ ಮಾತ್ರ ಬೈಗುಳದ ಹಾಗೇ ಬೀಳುತ್ತಿತ್ತು. ಹಿಂದೆ ನಿಂತ ಸಾಲು ಗೊಣಗುತ್ತಿತ್ತು.

"ಒರೆಸ್ಕೊಂಡು ಇಡಮ್ಮ," ಅನ್ನುತ್ತಿದ್ದ ಗೇಟಿನ ನಂಜಪ್ಪ.

ಸೀರೆಗೆ ಒರೆಸಿಕೊಳ್ಳುತ್ತಿದ್ದಳು. ಉಗುಳು ಹಚ್ಚಿ ತಿಕ್ಕುತ್ತಿದ್ದಳು. ಮತ್ತೆ ಕೆಂಪು ದೀಪ.

"ಹೆಬ್ಬೆಟ್ಟುಗಳನ್ನ ಬೇಕಾದಷ್ಟು ನೋಡಿದೀನಿ ಕಣ್ರೋ. ಹೆಬ್ಬೆಟ್ಟೂ ಇಲ್ಲದಿರೋ ಹೆಬ್ಬೆಟ್ಟನ್ನ ಇಲ್ಲೇ ನೋಡ್ತಿರೋದು!" ಅನ್ನುತ್ತಿದ್ದ ನಂಜಪ್ಪ ಸಾಲಿನ ಕಡೆ ತಿರುಗಿ.

ಸಾಲು ನಗುತ್ತಿತ್ತು. ನಂಜಪ್ಪ ಪುಸ್ತಕದಲ್ಲಿ ಒಂದು ಗೀಟು ಎಳೆದು ಅವಳನ್ನು ಒಳಗೆ ಬಿಡುತ್ತಿದ್ದ. ಓದು ಬಾರದವರಿಗೆ ಊರಲ್ಲೂ ಅದೇ ಹೆಸರು, ಪೀಣ್ಯದ ಫ್ಯಾಕ್ಟರಿಯಲ್ಲೂ ಅದೇ ಹೆಸರು. ಹೊಸದೇನಿತ್ತು?

ಆ ಬೆರಳ ಗೆರೆಗಳು ಎಲ್ಲಿ ಹೋದವು ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದಳು. ಗೇಟು ದಾಟಿ ಎಡಕ್ಕೆ ತಿರುಗಿದರೆ ಪ್ಲೇಟಿಂಗ್ ಶೆಡ್ಡು. ಅಲ್ಲಿ ತೊಟ್ಟಿಗಳ ಸಾಲು. ಮೊದಲ ತೊಟ್ಟಿಯಲ್ಲಿ ಆ್ಯಸಿಡ್. ಪಕ್ಕದ ಶೆಡ್ಡಿನ ಪ್ರೆಸ್ ಮಷಿನ್ನಿನಿಂದ ಕಡಿದು ಬಂದ ಕಬ್ಬಿಣದ ಬಿಲ್ಲೆಗಳನ್ನು ತಂತಿಗೆ ಪೋಣಿಸಿ ಅದರಲ್ಲಿ ಅದ್ದಬೇಕು. ತುಕ್ಕು ಬಿಟ್ಟ ಮೇಲೆ ಎತ್ತಿ ನೀರಿಗೆ, ನೀರಿನಿಂದ ಸತುವಿನ ತೊಟ್ಟಿಗೆ. ಕೈಗೆ ಗ್ಲೌಸು ಕೊಡುತ್ತಿದ್ದರು. ಅದು ಮೊದಲು ಹರಿಯುವುದೇ ಬೆರಳ ತುದಿಯಲ್ಲಿ. ಹರಿದ ತೂತಿನಿಂದ ಆ್ಯಸಿಡ್ ಒಳಹೊಕ್ಕು ಅಲ್ಲೇ ನಿಲ್ಲುತ್ತಿತ್ತು. ಇದಕ್ಕಿಂತ ಬರಿಗೈಯೇ ವಾಸಿ ಅಂತ ಹೆಂಗಸರು ಗ್ಲೌಸು ಕಳಚಿ ಎಸೆಯುತ್ತಿದ್ದರು. ಮೊದಲು ಉರಿ. ಆಮೇಲೆ ಸಿಪ್ಪೆ. ಆಮೇಲೆ ಏನೂ ಇಲ್ಲ.

"ಕಬ್ಬಿಣದ ತುಕ್ಕು ತಿನ್ನೋ ನೀರು ನಮ್ಮ ಬೆರಳು ಬಿಡ್ತದೇನು?" ಅನ್ನುತ್ತಿದ್ದಳು ಮಲಕವ್ವ. ಅಷ್ಟೇ. ಅದಕ್ಕಿಂತ ಹೆಚ್ಚು ಮಾತು ಅವಳದಲ್ಲ.

ಅವಳು ಶಹಾಪುರದ ಕಡೆಯವಳು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಅಂತ ಬಂದವಳು. ಗಂಡ ಹೋದ. ಕಬ್ಬಿಣದ ಏಣಿ ಹತ್ತಿ ಇಳಿಯುವ ಕಾಲಿನ ಕಸುವೂ ಹೋಯಿತು. ಆಗ ಅವಳ ಅಳಿಯ, ಅಂದರೆ ಅಣ್ಣನ ಮಗ ಬಸಲಿಂಗ, ತಾನು ಪ್ರೆಸ್ಸು ಹೊಡೆಯುತ್ತಿದ್ದ ಫ್ಯಾಕ್ಟರಿಗೇ ಅವಳನ್ನು ಸೇರಿಸಿದ. ನಾಗಸಂದ್ರದ ಮೆಟ್ರೋ ಕಂಬಗಳ ಹಿಂದಿನ ವಠಾರದಲ್ಲಿ ಅವನ ಕೋಣೆ, ಗೋಡೆಗೆ ಗೋಡೆ ಇವಳ ಕೋಣೆ. ಅವನ ಹೆಂಡತಿ ಮಹಾದೇವಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಅತ್ತೆಯ ಕೈಯಲ್ಲೇ ಅಳಿಯನ ರೊಟ್ಟಿ.

ಬಸಲಿಂಗ ಹೊಸ ಫೋನು ಕೊಂಡಾಗ ಹಳೆಯದನ್ನು ಅತ್ತೆಗೆ ಕೊಟ್ಟ. ಒಂದು ಭಾನುವಾರ ಕೋಣೆಯ ಮೆಟ್ಟಿಲ ಮೇಲೆ ಕೂತು ಅದಕ್ಕೆ ಬೀಗ ಹಾಕಿಕೊಡಲು ನೋಡಿದ.

"ಅತ್ತಿ, ಬೆರಳಿಡು. ಎತ್ತು. ಮತ್ತ ಇಡು. ಎತ್ತು... ಏ, ನಿನ್ನ ಬೆರಳಾಗ ಏನೂ ಇಲ್ಲಲ್ಲ ಅತ್ತಿ! ತೊಳದಿಟ್ಟ ತಾಟ ಇದ್ದಂಗ ಅದ."

"ಗೇಟಿನ ಮಷಿನ್ನೂ ಅದೇ ಅಂತದ."

"ನಂದು ನೋಡಿಲ್ಲಿ." ಅವನು ಹೆಬ್ಬೆಟ್ಟು ತಾಗಿಸಿದ. ಫೋನು ಕಣ್ಣು ಬಿಟ್ಟಿತು. "ಬೀಗ ಇಲ್ಲ, ಕೀಲಿ ಇಲ್ಲ. ನಾನೇ ಕೀಲಿ."

"ನಿದ್ದಿ ಹತ್ತಿದಾಗ ಕೀಲಿ ಯಾರ ಕೈಯಾಗ?"

"ನನ್ನ ನಿದ್ದ್ಯಾಗ ಬಂದು ಬೆರಳು ಹಿಡಿಯಾಕಿ ಮಹಾದೇವಿ ಒಬ್ಬಾಕಿ. ಹಿಡೀಲಿ ಬಿಡು!" ಅವನು ನಕ್ಕ. ಅತ್ತೆ ಅವನ ತಲೆಗೊಂದು ಮೊಟಕಿದಳು.

ಬೆರಳಾಗದಿದ್ದರೆ ನಂಬರು. ನಂಬರು ಅವಳಿಗೆ ಬಾರದು. ಬಸಲಿಂಗ ತಲೆ ಕೆರೆದುಕೊಂಡ. ಪರದೆಯ ಮೇಲೆ ನಂಬರಿಗೊಂದರಂತೆ ಸಾಲು ಸಾಲು ಮನೆ ಮೂಡಿದ್ದವು. ಮಲಕವ್ವ ಅದನ್ನು ಹತ್ತಿರ ಹಿಡಿದು ನೋಡಿದಳು.

"ಇದು ಕಟ್ಟಿಮನಿ ಇದ್ದಂಗ ಅದಲ್ಲೋ."

ಕಟ್ಟಿಮನಿ ಅವಳು ಹುಟ್ಟಿದ ಕೇರಿಯ ಆಟ. ಬಂಡೆಯ ಮೇಲೆ ಇದ್ದಿಲಿನಿಂದ ಮನೆ ಬರೆದು, ತೇಯ್ದ ಹುಣಸೆ ಬೀಜ ಎಸೆದು, ಬಿದ್ದಷ್ಟು ಕಾಯಿ ನಡೆಸುವ ಆಟ. ನಾಲ್ಕು ದಿಕ್ಕಿಗೆ ನಾಲ್ಕು ಕಟ್ಟೆ. ಕಟ್ಟೆ ಹತ್ತಿದ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಸುತ್ತು ಹಾಕಿ ನಡುಮನೆ ಸೇರಿದರೆ ಕಾಯಿ ಹಣ್ಣು.

ಬಸಲಿಂಗನ ಮುಖ ಅರಳಿತು. "ಅದೇ ಅತ್ತಿ! ನಿನ್ನ ಕಟ್ಟಿಯಿಂದ ಹೊಂಡು. ನಾಕೂ ಕಟ್ಟಿ ಮುಟ್ಟು."

ಅವಳು ಮುಟ್ಟಿದಳು. ಫೋನು ತೆರೆಯಿತು.

"ಹಣ್ಣಾತು!" ಅಂದ ಬಸಲಿಂಗ.

ಮಲಕವ್ವ ಅವತ್ತು ಅದನ್ನು ಮುಚ್ಚಿ ತೆರೆದು, ಮುಚ್ಚಿ ತೆರೆದು ಒಲೆಯ ಮೇಲಿನ ಬೇಳೆ ಸೀಯಿಸಿದಳು. ಅವಳ ಬದುಕಿನಲ್ಲಿ ಅವಳೊಬ್ಬಳೇ ತೆರೆಯಬಲ್ಲ ಬಾಗಿಲು ಅಂತ ಅದಕ್ಕೆ ಮೊದಲು ಯಾವುದೂ ಇರಲಿಲ್ಲ.

ಕೆಲವು ವಾರ ಕಳೆದ ಮೇಲೆ ಬಸಲಿಂಗ ಕೆಲಸದಿಂದ ಬಂದವನು ಕೈಕಾಲು ತೊಳೆಯದೆ ಅವಳ ಪಕ್ಕ ಕೂತ. ತನ್ನ ಫೋನಿನಿಂದ ಅವಳ ಫೋನಿಗೆ ಒಂದು ವಿಡಿಯೋ ದಾಟಿಸಿದ.

ಪ್ರೆಸ್ಸಿಗೆ ಒಂದು ಸೆನ್ಸರ್ ಇರುತ್ತದೆ. ಕೈ ಒಳಗೆ ಹೋದರೆ ಮಷಿನ್ನು ತಾನೇ ನಿಲ್ಲಬೇಕು, ಅದಕ್ಕಾಗಿ. ಅದು ಆಗಾಗ ನಿಲ್ಲಿಸುತ್ತದೆ, ಮಾಲು ಕಮ್ಮಿ ಬೀಳುತ್ತದೆ ಅಂತ ಮ್ಯಾನೇಜರ್ ಭಾನುಪ್ರಕಾಶ್ ವಯರು ಕೀಳಿಸಿದ್ದ. ಮತ್ತೆ ಹಾಕಿಸಿ ಅಂತ ಬಸಲಿಂಗ ಕೇಳಿದ್ದ. ಕೇಳುವಾಗ ಅಂಗಿಯ ಜೇಬಿನಲ್ಲಿ ಫೋನು ಕಣ್ಣು ತೆರೆದು ನಿಂತಿತ್ತು. ವಿಡಿಯೋದಲ್ಲಿ ಜೋತುಬಿದ್ದ ವಯರು. ಭಾನುಪ್ರಕಾಶನ ಮುಖ. ಅವನ ದನಿ.

"ಸೆನ್ಸರ್ ಹಾಕಿದ್ರೆ ಟಾರ್ಗೆಟ್ ಯಾರು, ನಿಮ್ಮಪ್ಪ ಮುಗಿಸ್ತಾನಾ? ನಾನೇ ತೆಗೆಸಿರೋದು. ಕೈ ನೋಡ್ಕೊಂಡು ಹೊಡಿ. ಆಗಲ್ಲ ಅಂದ್ರೆ ಗೇಟ್ ಅಲ್ಲಿದೆ."

"ನಿನ್ನ ಹತ್ರನೂ ಒಂದು ಇರ್ಲಿ ಅತ್ತಿ," ಅಂದ ಬಸಲಿಂಗ. "ಯೂನಿಯನ್ನವ್ರಿಗೆ ಕೊಡೋತನ ಯಾರಿಗೂ ತೋರಿಸಬ್ಯಾಡ. ಜೇಬಿನಾಗಿನ ಫೋನು ಮೇಸ್ತ್ರಿ ಕಣ್ಣಿಗಿ ಬಿದ್ದಂಗ ಅದ."

ಅವಳು ಫೋನನ್ನು ಎಲೆಅಡಿಕೆಯ ಸಂಚಿಯಲ್ಲಿ ಇಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆ ವಾರ ಯೂನಿಯನ್ನಿನವರು ಸಿಗಲಿಲ್ಲ. ಪ್ರೆಸ್ಸು ಕಾಯಲಿಲ್ಲ.

ಮಲಕವ್ವ ತೊಟ್ಟಿಯಲ್ಲಿ ಕೈ ಅದ್ದಿದ್ದಳು. ಪಕ್ಕದ ಶೆಡ್ಡಿನ ಪ್ರೆಸ್ಸಿನ ಪೆಟ್ಟು ಅವಳ ಕಾಲಡಿಯ ನೆಲದಲ್ಲಿ ದಿನವಿಡೀ ಬಡಿಯುತ್ತಿತ್ತು. ಅದನ್ನು ಅವಳು ಕೇಳುವುದನ್ನೇ ಮರೆತಿದ್ದಳು. ಅದು ನಿಂತಾಗ ಕೇಳಿತು. ಊಟದ ಹೊತ್ತಲ್ಲ. ಚಹಾದ ಹೊತ್ತೂ ಅಲ್ಲ. ಅವಳು ಓಡಿದಳು.

ಬಲಗೈಯ ನಾಲ್ಕು ಬೆರಳು ಹೋಗಿದ್ದವು. ಹೆಬ್ಬೆಟ್ಟು ಉಳಿದಿತ್ತು.

ಆಸ್ಪತ್ರೆಯಲ್ಲಿ ಆಪರೇಷನ್ ಮುಗಿಸಿ ಅವನನ್ನು ವಾರ್ಡಿಗೆ ತಂದು ಹಾಕಿದರು. ಮತ್ತಿನ ಮದ್ದು ಇಳಿದಿರಲಿಲ್ಲ. ಕೈ ತುಂಬ ಬ್ಯಾಂಡೇಜು. ಆ ಬಿಳಿಯ ಗಂಟಿನಿಂದ ಹೆಬ್ಬೆಟ್ಟೊಂದೇ ಹೊರಗಿತ್ತು, ಹಳದಿ ಮದ್ದು ಮೆತ್ತಿಕೊಂಡು. ಮಲಕವ್ವ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು.

ಈಶಪ್ಪ ಬಂದ. ಈಶಪ್ಪ ಮೇಸ್ತ್ರಿ. ಇವರ ಕಡೆಯವನೇ, ಊರಿನಿಂದ ಆಳುಗಳನ್ನು ತಂದು ಫ್ಯಾಕ್ಟರಿಗೆ ಬಿಡುವವನು. ಅವನ ಎಡಗೈಯಲ್ಲೂ ಎರಡು ಬೆರಳು ಮೊಂಡು. ಅವು ಯಾವ ಪ್ರೆಸ್ಸಿನಲ್ಲಿ ಹೋದವು ಅಂತ ಅವನು ಯಾರಿಗೂ ಹೇಳಿರಲಿಲ್ಲ. ಅವನ ಕೈಯಲ್ಲಿ ಬಸಲಿಂಗನ ಫೋನಿತ್ತು.

"ಯಕ್ಕಾ, ಕೌಂಟರಿನಾಗ ಆಧಾರ್ ಕಾರ್ಡ್ ಕೇಳ್ಲತ್ತಾರ. ಇವನ ಫೋನಿನಾಗ ಫೋಟೋ ಇರ್ತದ."

ಅವನು ಆ ಹೆಬ್ಬೆಟ್ಟನ್ನು ಹಿಡಿದು ಫೋನಿಗೆ ಒತ್ತಿದ. ತೆರೆಯಲಿಲ್ಲ.

"ಹಸಿ ಅದ. ಒರಸು ಯಕ್ಕಾ."

ಮಲಕವ್ವ ಸೆರಗು ಎಳೆದು ಒರೆಸಿದಳು. ಕೂಸಿನ ಮೂಗು ಒರೆಸುವಷ್ಟು ಮೆತ್ತಗೆ ಒರೆಸಿದಳು. ನೋಯದಿರಲಿ ಅಂತ ಅವನ ಮಣಿಕಟ್ಟನ್ನು ಕೆಳಗಿನಿಂದ ಆತುಕೊಂಡಳು. ಈಶಪ್ಪ ಮತ್ತೆ ಒತ್ತಿದ. ಫೋನು ಕಣ್ಣು ಬಿಟ್ಟಿತು.

"ಆತು," ಅಂದು ಹೊರಗೆ ಹೋದ. ಬಹಳ ಹೊತ್ತು ಬರಲಿಲ್ಲ. ಬಂದಾಗ ಫೋನನ್ನು ದಿಂಬಿನ ಕೆಳಗೆ ತುರುಕಿದ. ಅವಳ ಮುಖ ನೋಡಲಿಲ್ಲ.

ಸಂಜೆಗೆ ಬಸಲಿಂಗನಿಗೆ ಎಚ್ಚರವಾಯಿತು. ನೀರು ಕೇಳಲಿಲ್ಲ. ಫೋನು ಕೇಳಿದ. ಎಡಗೈಯಲ್ಲಿ ಹಿಡಿದು ವಿಡಿಯೋ ಹುಡುಕಿದ. ಇನ್ನೊಮ್ಮೆ ಹುಡುಕಿದ.

"ಇದನ್ನ ಯಾರು ತೆಗದ್ರು ಅತ್ತಿ?"

"ಈಶಪ್ಪ. ಆಧಾರ್ ಕಾರ್ಡು ಬೇಕಂದ."

"ಹೆಂಗ ತೆಗದ?"

ಮಲಕವ್ವ ಅವನ ಬ್ಯಾಂಡೇಜಿನ ಕಡೆ ನೋಡಿದಳು. ಹೆಬ್ಬೆಟ್ಟಿನ ಕಡೆ ನೋಡಿದಳು. ಆಗ ಅವಳಿಗೆ ತಿಳಿಯಿತು. ಮಷಿನ್ನು ನಾಲ್ಕು ಬೆರಳು ತಿಂದಿತ್ತು. ಉಳಿದದ್ದೊಂದನ್ನು ಇವರು ತಿಂದರು. ಇವಳೇ ಒರೆಸಿ ಬಡಿಸಿದ್ದಳು.

"ನಾನೇ ಒರಸಿ ಕೊಟ್ಟೆನೋ," ಅಂದಳು.

ಬಸಲಿಂಗ ನಕ್ಕ. ಅಂಥ ನಗುವನ್ನು ಅವಳು ಅವನ ಬಾಯಲ್ಲಿ ಕಂಡಿರಲಿಲ್ಲ. ನಗು ನಿಂತ ಮೇಲೆ ಅವನು ವಾರ್ಡೆಲ್ಲ ತಿರುಗಿ ನೋಡುವ ಹಾಗೆ ಕಿರುಚಿದ. "ಅಳಿಸಿದ್ರ ಅಳಿಸ್ಲಿ ಸೂಳೇಮಕ್ಳು! ನಮ್ಮತ್ತಿ ಹತ್ರ ಅದ! ಅದನ್ನೇನ್ ಮಾಡ್ತಾರ?"

ವಾರ್ಡಿನ ಬಾಗಿಲಲ್ಲಿ ಈಶಪ್ಪ ಎಳನೀರು ಹಿಡಿದು ನಿಂತಿದ್ದ. ಎಳನೀರನ್ನು ಅಲ್ಲೇ ಹೊಸ್ತಿಲ ಪಕ್ಕ ಇಟ್ಟು ಬಂದ ದಾರಿಯಲ್ಲೇ ಹೋದ.

ಮರುದಿನ ಗೇಟಿನ ಪಕ್ಕದ ಬೋರ್ಡಿಗೆ ಒಂದು ಹಾಳೆ ಅಂಟಿಸಿದ್ದರು. ಏನು ಬರೆದಿದೆ ಅಂತ ಮಲಕವ್ವ ಕೇಳಿದಳು. ನಂಜಪ್ಪ ಅವತ್ತು ನಗಲಿಲ್ಲ. ಬೆರಳನ್ನೂ ಕೇಳಲಿಲ್ಲ. ಹಾಳೆಯ ಕಡೆ ಮುಖ ಮಾಡಿ ತಗ್ಗಿದ ದನಿಯಲ್ಲಿ ಓದಿದ.

"ಕೆಲಸದ ವೇಳೆ ಮೊಬೈಲ್ ನೋಡುತ್ತಾ, ಸುರಕ್ಷತಾ ಸಾಧನವನ್ನು ತಾನೇ ತೆಗೆದು, ಅಜಾಗರೂಕತೆಯಿಂದ ಅಪಘಾತ ಮಾಡಿಕೊಂಡ ಕಾರ್ಮಿಕ... ಅಂತ ಇದೆ ಕಣಮ್ಮ. ಎಲ್ಲಾರೂ ಇದರಿಂದ ಪಾಠ ಕಲೀಬೇಕಂತೆ."

"ಅಂವಾ ತಾನೇ ತೆಗದಾನಂತೇನು?"

"ಹಂಗಂತ ಇದೆ. ಹೋಗು ಒಳಗೆ, ಹೊತ್ತಾಯ್ತು."

ಅವಳು ಒಳಗೆ ಹೋದಳು. ತೊಟ್ಟಿಯ ಪಕ್ಕ ನಿನ್ನೆಯ ಟ್ರೇ ಬಂದು ಕೂತಿತ್ತು. ಬಸಲಿಂಗನ ಪ್ರೆಸ್ಸಿನ ಟ್ರೇ.

"ಮೊದ್ಲು ಇದನ್ನ ತೊಳ್ದುಬಿಡಮ್ಮ, ಮಧ್ಯಾಹ್ನ ಲಾರಿ ಇದೆ," ಅಂತ ಯಾರೋ ಕೂಗಿ ಹೋದರು.

ಮಲಕವ್ವ ಬಿಲ್ಲೆಗಳನ್ನು ಪೋಣಿಸತೊಡಗಿದಳು. ಮೇಲಿನವು ಕಪ್ಪಗಿದ್ದವು. ಅಡಿಯವು ಕಂದಾಗಿದ್ದವು. ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ತುಕ್ಕಲ್ಲ. ತುಕ್ಕು ಪುಡಿಯಾಗಿ ಉದುರುತ್ತದೆ. ಇದು ಒಣಗಿ ಅಂಟಿತ್ತು.

ಅವಳ ಕೈ ನಿಲ್ಲಲಿಲ್ಲ. ಇಷ್ಟು ಕಾಲ ದುಡಿದ ಕೈಗೆ ನಿಲ್ಲುವುದು ಗೊತ್ತಿಲ್ಲ. ಪೋಣಿಸಿತು. ಅದ್ದಿತು. ಕಂದು ಬಣ್ಣ ಎಳೆ ಎಳೆಯಾಗಿ ಬಿಟ್ಟು ಆ್ಯಸಿಡ್ಡಿನಲ್ಲಿ ಕರಗಿತು. ಬಿಲ್ಲೆಗಳು ಬೆಳ್ಳಗೆ ಎದ್ದು ಬಂದವು, ಯಾರ ರಕ್ತವನ್ನೂ ಕಾಣದ ಹಾಗೆ.

ಅವಳಿಗೆ ಅವ್ವನ ನೆನಪಾಯಿತು. ಅಪ್ಪನ ಹೆಣಕ್ಕೆ ನೀರು ಹಾಕುತ್ತಿದ್ದ ಅವ್ವ.

ಅಪ್ಪ ಸತ್ತ ದಿನ ಗೌಡರ ಮನೆಯ ಗುಮಾಸ್ತ ಕೇರಿಗೆ ಬಂದಿದ್ದ. ಎಂದೂ ಕೇರಿಯ ಒಳಗೆ ಕಾಲಿಡದವನು ಅವತ್ತು ಗುಡಿಸಲ ಒಳಗೇ ಬಂದ. ದುಃಖ ಹಂಚಿಕೊಳ್ಳಲು ಬಂದ ದೊಡ್ಡ ಮನುಷ್ಯ ಅಂತ ಎಲ್ಲರೂ ಎದ್ದು ನಿಂತರು. ಅವನು ಮಗ್ಗುಲಲ್ಲಿ ಕೂತು, ಚೀಲದಿಂದ ಶಾಯಿಯ ಡಬ್ಬಿ ತೆಗೆದು, ಹೆಣದ ಹೆಬ್ಬೆಟ್ಟನ್ನು ಅದ್ದಿ, ಒಂದು ಕಾಗದಕ್ಕೆ ಒತ್ತಿಕೊಂಡು ಹೋದ. ಕೆರೆಯ ಕೆಳಗಿದ್ದ ತುಂಡು ಹೊಲ ಆ ಒತ್ತಿನಲ್ಲಿ ಹೋಯಿತು. ಮಲಕವ್ವ ಆಗ ಇನ್ನೂ ಸೀರೆ ಉಡದ ಹುಡುಗಿ, ನೀರಿನ ಚರಿಗೆ ಹಿಡಿದು ನಿಂತಿದ್ದಳು. ಅವ್ವ ಆ ನೀಲಿ ಹೆಬ್ಬೆಟ್ಟನ್ನು ಬೂದಿ ಹಾಕಿ ತಿಕ್ಕಿದಳು, ಕಲ್ಲು ಹಾಕಿ ತಿಕ್ಕಿದಳು. ಹೋಗಲಿಲ್ಲ. ಅಪ್ಪ ನೀಲಿ ಹೆಬ್ಬೆಟ್ಟಿನಿಂದಲೇ ಮಣ್ಣಿಗೆ ಹೋದ.

ಆ ಅಪ್ಪ ಬಸಲಿಂಗನ ಅಜ್ಜ. ಅಜ್ಜನ ಹೆಬ್ಬೆಟ್ಟು ಸತ್ತ ಮೇಲೆ ತಗೊಂಡರು. ಮೊಮ್ಮಗನದು ಬದುಕಿರುವಾಗಲೇ. ಅವತ್ತು ಅವ್ವ ಒರೆಸಿದಳು, ಗುರುತು ಹೋಗಲಿ ಅಂತ. ನಿನ್ನೆ ತಾನು ಒರೆಸಿದ್ದಳು, ಗುರುತು ಸಿಗಲಿ ಅಂತ.

"ಯಕ್ಕಾ," ಈಶಪ್ಪ ಹಿಂದೆ ನಿಂತಿದ್ದ. "ಸಾಹೇಬ್ರು ಕರೀಲತ್ತಾರ. ಹಂಗೇ ಬಾ."

ಕೈ ತೊಳೆಯಲು ಬಿಡಲಿಲ್ಲ.

ಭಾನುಪ್ರಕಾಶನ ಕೋಣೆಯಲ್ಲಿ ತಂಪು ಗಾಳಿ ಬೀಸುತ್ತಿತ್ತು. ಮಲಕವ್ವ ಅಲ್ಲಿಗೆ ಎಂದೂ ಕಾಲಿಟ್ಟಿರಲಿಲ್ಲ.

"ಬನ್ನಿ ಅಮ್ಮ, ಕೂತ್ಕೊಳ್ಳಿ," ಅಂದ ಅವನು.

ಕುರ್ಚಿ ತೋರಿಸಿದ್ದಕ್ಕೇ ಅವಳಿಗೆ ಹೆದರಿಕೆಯಾಯಿತು. ಕೂರಲಿಲ್ಲ.

"ನಿಮ್ಮ ಹುಡುಗನ ವಿಷ್ಯ ಕೇಳಿ ನಮಗೂ ಬೇಜಾರಾಗಿದೆ. ಕಂಪನಿ ನೋಡ್ಕೊಳುತ್ತೆ, ಯೋಚನೆ ಮಾಡ್ಬೇಡಿ. ನಿಮ್ಮ ಫೋನ್ ಕೊಡಿ ಸ್ವಲ್ಪ."

ಕೊಡು ಅಂದರು, ಕೊಟ್ಟಳು. ಸಂಚಿಯಿಂದ ತೆಗೆದು ಮೇಜಿನ ಮೇಲಿಟ್ಟಳು. ಇಟ್ಟ ಮೇಲೆ ಅದರೊಳಗಿನ ವಿಡಿಯೋ ನೆನಪಾಯಿತು. ದೊಡ್ಡವರು ಕೇಳಿದರೆ ಕೈ ತಾನೇ ಕೊಟ್ಟುಬಿಡುತ್ತದೆ, ತಲೆಯನ್ನು ಕೇಳುವುದಿಲ್ಲ.

ಫೋನಿಗೆ ಸುಣ್ಣ ಮೆತ್ತಿತ್ತು. ಭಾನುಪ್ರಕಾಶ್ ಮೇಜಿನ ಡಬ್ಬಿಯಿಂದ ಟಿಶ್ಯೂ ಪೇಪರ್ ಎಳೆದು ಅದನ್ನು ಸುತ್ತಿ ಹಿಡಿದ. "ಬೆರಳಿಡಿ."

ಅವಳು ಬೆರಳು ಇಡಲಿಲ್ಲ. ಅವನು ಇನ್ನೊಂದು ಟಿಶ್ಯೂ ಎಳೆದ. ಅದರಿಂದ ಅವಳ ತೋರುಬೆರಳ ತುದಿ ಹಿಡಿದ, ಸತ್ತ ಹಲ್ಲಿಯ ಬಾಲ ಹಿಡಿಯುವ ಹಾಗೆ. ಟಿಶ್ಯೂ ಒದ್ದೆಯಾಗಿ ಆ್ಯಸಿಡ್ ಚುರುಕ್ಕೆಂದಿತೋ ಏನೋ, ಕೈ ಕೊಡವಿದ. ಬಾಟಲಿ ಒತ್ತಿ ಅದೇನೋ ಘಮಘಮ ನೀರು ಕೈಗೆ ತಿಕ್ಕಿಕೊಂಡ.

"ಈಶಪ್ಪ, ನೀನೇ ಹಿಡಿ."

ಈಶಪ್ಪ ಹಿಡಿದ. ಒಂದು ಬೆರಳು. ಇನ್ನೊಂದು ಬೆರಳು. ಬಲಗೈ ಮುಗಿಯಿತು, ಎಡಗೈ ಹಿಡಿದ. ಅವನ ಮೊಂಡು ಬೆರಳುಗಳು ಅವಳ ಸವೆದ ಬೆರಳುಗಳನ್ನು ಒತ್ತಿದವು. ಫೋನು ಮಿಸುಕಲಿಲ್ಲ.

"ಏನೋ ಇದು, ಯಾವ ಬೆರಳೂ ತಗೊಳ್ತಿಲ್ಲ?"

"ಇಕಿಗಿ ಗೆರಿ ಇಲ್ಲ ಸರ್. ಪ್ಲೇಟಿಂಗಿನಾಗ ಯಾರಿಗೂ ಇರಂಗಿಲ್ಲ. ಗೇಟಿನಾಗೂ ತಗೊಳಂಗಿಲ್ಲ."

"ಓಹ್. ಹಾಗಾದ್ರೆ ಪಿನ್ ಇರತ್ತೆ. ನಂಬರ್ ಹೇಳಮ್ಮ."

ಆಗಲೇ 'ಬನ್ನಿ', 'ಕೊಡಿ' ಹೋಗಿ 'ಹೇಳಮ್ಮ' ಆಗಿತ್ತು.

"ನನಗ ನಂಬರ್ ಬರಂಗಿಲ್ರೀ," ಅಂದಳು ಮಲಕವ್ವ. ಅದು ಸುಳ್ಳಲ್ಲ.

"ಹುಟ್ಟಿದ ವರ್ಷ ಇಟ್ಟಿರ್ತಾರೆ. ಯಾವಾಗ ಹುಟ್ಟಿದ್ದು ನೀನು?"

"ನಮ್ಮೂರಿಗಿ ಪ್ಲೇಗ್ ಮಾರಿ ಗುಡಿ ಕಟ್ಟಿದ ವರ್ಷರೀ."

ಈಶಪ್ಪ ಕೆಳಗೆ ನೋಡಿದ. ಭಾನುಪ್ರಕಾಶ್ ತಾನೇ ಏನೇನೋ ಒತ್ತಿದ. ಫೋನು ಒಲ್ಲೆ ಅಂತ ನಡುಗಿತು. ಮತ್ತೆ ಒತ್ತಿದ. ಮತ್ತೆ ನಡುಗಿತು. ಕೊನೆಗೆ, ಸ್ವಲ್ಪ ಹೊತ್ತು ಬಿಟ್ಟು ಬಾ ಅಂತ ಅವನನ್ನೇ ಹೊರಗೆ ನಿಲ್ಲಿಸಿತು.

"ಯಕ್ಕಾ, ಹೇಳಿಬಿಡು," ಅಂದ ಈಶಪ್ಪ. "ನಿನಗ್ಯಾಕ ಬೇಕು ಈ ಉಸಾಬರಿ? ಹೋದ ಬೆರಳು ಬರ್ತಾವೇನು? ನನಗೂ ಹೋದ್ವು. ನಾ ಬದುಕಿಲ್ಲೇನು?"

ಮಲಕವ್ವ ಅವನ ಕೈ ನೋಡಿದಳು. "ನಮಗೇನು ತಿಳೀತದಪ್ಪ," ಅಂದಳು. ಬದುಕಿನುದ್ದಕ್ಕೂ ಅವಳನ್ನು ಕಾಪಾಡಿದ ಮಾತು ಅದು. ಗೌಡರ ಮುಂದೆ, ಪೊಲೀಸರ ಮುಂದೆ, ರೇಷನ್ ಅಂಗಡಿಯವನ ಮುಂದೆ. ನಮಗೇನು ತಿಳೀತದ್ರೀ. ಅಂದರೆ ಅವರು ಬೈದು ಬಿಟ್ಟುಬಿಡುತ್ತಿದ್ದರು.

ಭಾನುಪ್ರಕಾಶ್ ಕುರ್ಚಿಗೆ ಒರಗಿದ. ನಿರಾಳನಾದ. "ಬಿಡು, ಇವಳಿಗೆ ಗೊತ್ತಿಲ್ಲ. ಹೆಬ್ಬೆಟ್ಟು, ಪಾಪ. ಈಶಪ್ಪ, ಇದನ್ನ ತಗೊಂಡು ಹೋಗಿ ಅಂಗಡೀಲಿ ಪೂರಾ ಅಳಿಸಿ ಕೊಡಕ್ಕೆ ಹೇಳು. ಹೊಸದರ ಹಾಗಾಗತ್ತೆ. ಸಂಜೆ ಬಂದು ತಗೊಂಡು ಹೋಗಮ್ಮ. ಗೊತ್ತಿಲ್ಲದೋರ ಕೈಲಿ ಬೀಗ ಇದ್ರೆ ಇದೇ ಕಷ್ಟ."

ಈಶಪ್ಪ ಫೋನಿಗೆ ಕೈ ಚಾಚಿದ.

"ಗೊತ್ತದ," ಅಂದಳು ಮಲಕವ್ವ.

ಇಬ್ಬರೂ ಅವಳ ಕಡೆ ತಿರುಗಿದರು.

"ಏನಂದೆ?"

"ಗೊತ್ತದ. ಹೇಳಂಗಿಲ್ಲ."

ಅವಳ ದನಿ ನಡುಗಲಿಲ್ಲ. ಅದು ಅವಳಿಗೇ ಸೋಜಿಗವಾಯಿತು.

"ಏಯ್, ಇಷ್ಟೊತ್ತು ನಾಟಕ ಆಡಿದ್ಯಾ? ಯಾರ ಹತ್ರ ಮಾತಾಡ್ತಿದೀಯ ಗೊತ್ತಾ? ನಾಳೆಯಿಂದ ಗೇಟ್ ಒಳಗೆ ಬರಲ್ಲ ನೀನು."

"ಬರಂಗಿಲ್ಲ ಬಿಡ್ರಿ. ನಿಮ್ಮ ಗೇಟು ನನ್ನ ಬೆರಳು ಎಂದ ತಗೊಂಡದ? ನಿಮ್ಮ ತೊಟ್ಟಿ ತಗೊಂಡ್ತು. ನಮ್ಮ ಹುಡುಗಂದು ಪ್ರೆಸ್ಸು ತಗೊಂಡ್ತು. ಉಳದದ್ದು ಒಂದಿತ್ತು. ಅಂವಾ ಮೈಮ್ಯಾಲ ಎಚ್ಚರಿಲ್ಲದಾಗ ಅದನ್ನೂ ನೀವೇ ತಗೊಂಡ್ರಿ. ಇದು ನನ್ನ ತಲ್ಯಾಗ ಅದ. ಇದನ್ನ ಹೆಂಗ ತಗೋತೀರಿ? ಫೋನ್ ಕೊಡ್ರಿ."

"ಕೊಡಲ್ಲ. ಏನ್ಮಾಡ್ತೀಯ?"

ಅವಳು ಏನೂ ಮಾಡಲಿಲ್ಲ. ಕೈ ಚಾಚಿದಳು. ತೊಟ್ಟಿಯಿಂದ ನೇರ ಬಂದ ಕೈ. ಸಿಪ್ಪೆ ಎದ್ದ, ಬಿಳಿಚಿದ, ಬಸಲಿಂಗನ ರಕ್ತ ತೊಳೆದ ಕೈ. ಅದನ್ನು ಅವನ ಕೈಯ ಕಡೆಗೇ ತಂದಳು, ನಿಧಾನವಾಗಿ.

"ಏ, ಮುಟ್ಬೇಡ! ಮುಟ್ಬೇಡ!"

ಅವನು ಹೌಹಾರಿ ಹಿಂದೆ ಸರಿದ. ಕುರ್ಚಿ ಗೋಡೆಗೆ ಬಡಿಯಿತು. ಟಿಶ್ಯೂ ಸಮೇತ ಫೋನು ಮೇಜಿನ ಮೇಲೆ ಬಿತ್ತು.

ಮಲಕವ್ವ ಅದನ್ನು ಎತ್ತಿಕೊಂಡಳು. ಟಿಶ್ಯೂ ಅಲ್ಲೇ ಬಿಟ್ಟಳು. ಹೊರಗೆ ನಡೆದಳು. ಬಾಗಿಲಿಗೆ ಈಶಪ್ಪ ಅಡ್ಡ ನಿಂತಿದ್ದ. ಅವಳು ಹತ್ತಿರ ಹೋಗುತ್ತಲೇ ಅರ್ಧ ಹೆಜ್ಜೆ ಸರಿದ. ಬೇಕೆಂದೇ ಸರಿದನೋ, ಹೆದರಿ ಸರಿದನೋ, ಇವತ್ತಿಗೂ ಅವನನ್ನು ಕೇಳಿದವರಿಲ್ಲ.

ಅವಳು ಗೇಟಿನ ಕಡೆ ಹೋಗಲಿಲ್ಲ. ಪ್ರೆಸ್ಸಿನ ಶೆಡ್ಡಿಗೆ ಹೋದಳು.

ಚಹಾದ ಬೆಲ್ಲು ಆಗಿತ್ತು. ಮಷಿನ್ನುಗಳು ನಿಂತಿದ್ದವು. ಬಸಲಿಂಗನ ಪ್ರೆಸ್ಸಿನ ಮುಂದೆ ಸವಿತಾ ಕೂತಿದ್ದಳು. ನಿನ್ನೆಯವರೆಗೆ ಪ್ಯಾಕಿಂಗಿನಲ್ಲಿದ್ದ ಹುಡುಗಿ, ಮಲಕವ್ವನ ವಠಾರದವಳು. ಇವತ್ತು ಅವಳನ್ನು ಆ ಪೆಡಲಿನ ಮುಂದೆ ಕೂರಿಸಿದ್ದರು. ಸೆನ್ಸರಿನ ವಯರು ಹಾಗೇ ಜೋತಾಡುತ್ತಿತ್ತು. ಅದನ್ನು ಸಿಕ್ಕಿಸುವಷ್ಟೂ ಯಾರಿಗೂ ಪುರುಸೊತ್ತಾಗಿರಲಿಲ್ಲ.

"ಇದೇನ್ ದೊಡ್ಡವ್ವ, ಇಲ್ಲಿ?"

ಮಲಕವ್ವ ಫೋನನ್ನು ಸೀರೆಗೆ ಒರೆಸಿದಳು. ತನ್ನ ಕಟ್ಟೆಯಿಂದ ಹೊರಟು ಒಂದು ಸುತ್ತು ಹಾಕಿದಳು. ತೆರೆಯಿತು. ವಿಡಿಯೋ ಒತ್ತಿ, ಫೋನನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಳು.

ನಿಂತ ಮಷಿನ್ನುಗಳ ನಡುವೆ ಭಾನುಪ್ರಕಾಶನ ದನಿ ತಗಡಿನ ಸೂರಿಗೆ ಬಡಿದು ಕೆಳಗೆ ಬಿತ್ತು. 'ನಾನೇ ತೆಗೆಸಿರೋದು. ಕೈ ನೋಡ್ಕೊಂಡು ಹೊಡಿ.'

ಲೋಟಗಳು ಬಾಯಿಯ ಹತ್ತಿರ ನಿಂತವು. ಒಬ್ಬೊಬ್ಬರೇ ಎದ್ದು ಬಂದರು. ಪ್ಲೇಟಿಂಗಿನ ಹೆಂಗಸರು ಬಂದರು. ಗೇಟು ಬಿಟ್ಟು ನಂಜಪ್ಪನೂ ಬಂದು ಬಾಗಿಲಲ್ಲಿ ನಿಂತ. ಸವಿತಾ ಜೋತುಬಿದ್ದ ವಯರು ನೋಡಿದಳು. ತನ್ನ ಕೈ ನೋಡಿಕೊಂಡಳು.

"ಇನ್ನೊಮ್ಮೆ ಹಚ್ಚು ದೊಡ್ಡವ್ವ. ಹಿಂದಿದ್ದೋರಿಗೆ ಕೇಳ್ಸಿಲ್ಲ."

ಅಷ್ಟರಲ್ಲಿ ಫೋನು ತಾನೇ ಮುಚ್ಚಿಕೊಂಡಿತ್ತು. ಮಲಕವ್ವ ಬೆರಳು ಎತ್ತಿದಳು. ಎತ್ತಿದವಳು ತಡೆದಳು. ಪ್ರೆಸ್ಸಿನ ಹಾಸಿನ ಮೇಲೆ, ನಾಲ್ಕು ಬೆರಳು ಹೋದ ಜಾಗದಲ್ಲಿ, ಫೋನನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟಳು.

"ಬರ್ರಿ ಇಲ್ಲಿ. ಎಲ್ಲಾರೂ ಬರ್ರಿ. ನೋಡ್ಕೊರ್ರಿ. ಕಟ್ಟಿಮನಿ ಆಡೀರಿಲ್ಲ? ಇದು ನಮ್ಮ ಕಟ್ಟಿ, ಕೆಳಗ ನಡುವಿಂದು. ಇಲ್ಲಿಂದ ಬಲಕ್ಕ. ಬಲದಿಂದ ಮ್ಯಾಲ. ಮ್ಯಾಲಿಂದ ಎಡಕ್ಕ. ಆತು, ಹಣ್ಣಾತು. ನಾಳಿ ನಾ ಮೈಮ್ಯಾಲ ಎಚ್ಚರಿಲ್ಲದ ಬಿದ್ರ, ನನ್ನ ಬೆರಳು ಯಾರೂ ಹಿಡಿಯೋದು ಬ್ಯಾಡ. ನೀವು ಆಡ್ರಿ."

ಸವಿತಾ ಮೊದಲು ಆಡಿದಳು. ಅವಳ ಹಿಂದೆ ಇನ್ನೊಬ್ಬಳು. ಗೆರೆ ಇಲ್ಲದ ಬೆರಳು, ಎಣ್ಣೆ ಮೆತ್ತಿದ ಬೆರಳು, ಮೊಂಡು ಬೆರಳು, ಒಂದರ ಹಿಂದೆ ಒಂದು ಆ ಮನೆಗಳ ಮೇಲೆ ನಡೆದವು. ಪ್ರತಿ ಸಲವೂ ಫೋನು ತೆರೆಯಿತು. ಪ್ರತಿ ಸಲವೂ ಆ ದನಿ ಶೆಡ್ಡು ತುಂಬಿತು. ಯಾರೋ ತಮ್ಮ ಫೋನಿಗೆ ದಾಟಿಸಿಕೊಂಡರು. ಅವರಿಂದ ಇನ್ನೊಬ್ಬರು.

"ಏನ್ ನೋಡ್ಕೊಂಡು ನಿಂತಿದೀಯ ಈಶಪ್ಪ? ಬೆಲ್ ಹೊಡಿ!" ಭಾನುಪ್ರಕಾಶ್ ಕೋಣೆಯ ಬಾಗಿಲಿನಿಂದ ಕಿರುಚಿದ.

ಈಶಪ್ಪ ಕೆಲಸ ಶುರುವಿನ ಬೆಲ್ಲು ಹೊಡೆದ. ಉದ್ದಕ್ಕೆ ಹೊಡೆದ.

ಸವಿತಾ ಪೆಡಲಿನ ಮೇಲಿದ್ದ ಕಾಲನ್ನು ತೆಗೆದು, ಸ್ಟೂಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.